ತಕ್ಕಡಿಯೊಳಗ ಕುಂತ ಸ್ವದೇಶಿ ಕಂಪ್ಯೂಟರ್

ಹೆದರಿಕಿಗೆ ನನ್ನ ಮನಿ ವಿಳಾಸ ಭಾಳ ಚಲೋ ಗೊತ್ತೈತಿ. ಹಾವೇರಿಯೊಳಗ ಇಷ್ಟೊಂದು ಮಂದಿ ಅದಾರ, ಅದು ಯಾರ ಬಾಗಲಕ್ಕೂ ಹೋಗಂಗಿಲ್ಲ, ನೇರ ನನ್ನ ಕಡೇನ ಬರತೈತಿ. ಹಾವು ಬಂದ್ರ ನನ್ನ ಹಾಸಿಗಿಗೆ, ನಾಯಿ ಬಂದ್ರ ನನ್ನ ಧೋತರಕ್ಕ, ಸರಕಾರ ಬಂದ್ರ ನನ್ನ ಸಹಿಗೆ. ಅದ್ರಾಗೂ ಕಂಪ್ಯೂಟರ್ ಫ್ಯಾಕ್ಟರಿಯೊಳಗ ಕಳದ ದಿನಗಳದ್ದು ಕೇಳಬ್ಯಾಡ್ರಿ. ನಡದದ್ದನ್ನ ಹೇಳತೇನಿ. ಅಲ್ಲಲ್ಲಿ ಒಂದೀಟು ಖಾರ ಜಾಸ್ತಿ ಬಿದ್ದಿರಬೇಕು, ಬ್ಯಾಡಗಿ ಮಗ್ಗಲದಾಗ ಇದ್ದವರಿಗೆ ಅದು ಗೊತ್ತಾಗಂಗಿಲ್ಲ.

ಅರ್ಧ ಅಂದ್ರ ಎಷ್ಟು

ಎಂಬತ್ತರ ದಶಕದ ಮಾತು. ಆಗ ಹೊರದೇಶದ ಕಂಪ್ಯೂಟರ್ ಹಂಗಿಂದಂಗ ನಮ್ಮ ದೇಶಕ್ಕ ಬರಾಕ ಬಿಡತಿರಲಿಲ್ಲ. ನಮ್ಮ ಮಂದೀನ ಮಾಡ್ಲಿ, ನಮ್ಮ ಮಂದೀನ ಕಲೀಲಿ ಅಂತ ಸರಕಾರದ ವಿಚಾರ. ಒಳಗಿನ ಸಾಮಾನು ತರಸಾಕ ಲೈಸೆನ್ಸ್ ಕೊಡೋರು, ಆದ್ರ ಮಷೀನಿನ್ಯಾಗ ಅರ್ಧರ ನಮ್ಮ ದೇಶದ್ದ ಇರಬೇಕು ಅಂತ ಕಟ್ಟಪ್ಪಣಿ.

ಬ್ಯಾಡಗಿಯೊಳಗ ಒಬ್ಬ ಸಾವ್ಕಾರ್ರಿದ್ರು. ಮೆಣಸಿನಕಾಯಿ ದಲಾಲಿ ಅಂಗಡಿ ಅವರದು. ಇದನ್ನ ಪೇಪರಿನ್ಯಾಗ ಓದಿ, ಹಾವೇರಿ ಸ್ಟೇಶನ್ ಹತ್ರ ಒಂದು ಹಳೇ ಹತ್ತಿ ಗೋದಾಮು ಹಿಡದು, ಕಂಪ್ಯೂಟರ್ ಫ್ಯಾಕ್ಟರಿ ಅಂತ ಬೋರ್ಡ್ ಬರಸಿಬಿಟ್ಟ್ರು. ನಂದು ಅಲ್ಲೇ ಎದರಿಗೆ ರೇಡಿಯೋ ರಿಪೇರಿ ಅಂಗಡಿ ಇತ್ತು. ನನ್ನ ಕರದು, "ಮಾಸ್ತರ, ನಾಳಿಂದ ನೀವು ನಮ್ಮ ಫ್ಯಾಕ್ಟರಿಯ ತಾಂತ್ರಿಕ ಮುಖ್ಯಸ್ಥರು" ಅಂದ್ರು.

"ಸಾವ್ಕಾರ್ರ, ನಾ ಕಂಪ್ಯೂಟರ್ ಕಣ್ಣಿಲೆ ನೋಡಿಲ್ರಿ."

"ರೇಡಿಯೋ ಹಾಡತೈತಿ. ಇದು ಹಾಡಂಗಿಲ್ಲ, ಸುಮ್ಮನ ಕುಂದರತೈತಿ. ಅಂದಮ್ಯಾಲ ಇದು ಸುಲಭ."

ಹೊರದೇಶದ ಸಾಮಾನಿನ ಪೆಟಿಗಿ ಬಂದ್ವು. ಅದರ ಜೋಡಿ ಬಂದ ಚಿತ್ರದ ಪುಸ್ತಕ ನೋಡಿ ತಾರು ಜೋಡಿಸಿದೆ, ನನ್ನ ದೈವಕ್ಕ ಮಷೀನು ಚಾಲೂ ಆತು. ಆದ್ರ ನಮ್ಮ ದೇಶದ್ದು ಅಂತ ಅದ್ರಾಗ ಇದ್ದದ್ದು ನಾಲ್ಕು ಸ್ಕ್ರೂ, ಒಂದು ಗವಸಣಿಗಿ, ನನ್ನ ಬೆವರು, ಇಷ್ಟ.

"ಅರ್ಧ ಅಂತ ಬರದಾರಲ್ರಿ, ಅದನ್ನ ಹೆಂಗ ಅಳೀತಾರ?" ಅಂತ ಕೇಳಿದೆ.

ಸಾವ್ಕಾರ್ರು ನನ್ನ ಮುಖ ನೋಡಿದ್ರು. "ಮೂವತ್ತು ವರ್ಷ ವ್ಯಾಪಾರ ಮಾಡೇನಿ. ಅರ್ಧ ಅಂದ್ರ ತೂಕದ ಅರ್ಧ. ಮತ್ತ್ಯಾವ ಅರ್ಧ ಇರತೈತಿ?"

ಮರುದಿನ ದಲಾಲಿ ಅಂಗಡಿ ತಕ್ಕಡಿ ಫ್ಯಾಕ್ಟರಿಗೆ ಬಂತು. ಹೊರದೇಶದ ಸಾಮಾನು ಹನ್ನೆರಡು ಕಿಲೋ ತೂಗಿತು. ಸಾವ್ಕಾರ್ರು ಒಂದು ಕಾಗದ ನನ್ನ ಮುಂದ ಹಿಡದು, "ಅರ್ಧಕ್ಕಿಂತ ಹೆಚ್ಚು ಸ್ವದೇಶಿ ಐತಿ ಅಂತ ಸಹಿ ಮಾಡ್ರಿ, ತೂಕ ಆಮ್ಯಾಲೆ ಸರಿ ಮಾಡೂಣು" ಅಂದ್ರು.

"ಸುಳ್ಳಂತ ಗೊತ್ತಾದ್ರ?"

"ಜೈಲು."

"ಯಾರಿಗ್ರೀ?"

"ಸಹಿ ಯಾರದು ಇರತೈತಿ, ಅವರಿಗೆ. ಅದಕ್ಕ ನಾ ಮಾಡೂದಿಲ್ಲ."

ಮದಲಗಿತ್ತಿ ಟ್ರಂಕು

ಇಲ್ಲ ಅನ್ನಾಕೂ ಹೆದರಿ ಸಹಿ ಮಾಡಿಬಿಟ್ಟೆ. ಅವತ್ತಿನಿಂದ ನನ್ನ ಅನ್ನ ನನಗ ಹತ್ತಲಿಲ್ಲ. ಪೊಲೀಸ್ರು ಸೈಕಲ್ ಮ್ಯಾಲ ಹೊಂಟ್ರ ನಾ ಗಟಾರ ದಾಟಿ ಆ ಕಡೆ ನಿಂದರತಿದ್ದೆ. ಬೆಲ್ ಹೊಡದ್ರ ಗಟಾರದಾಗ ನಿಂದರತಿದ್ದೆ.

ತೂಕ ಸರಿ ಮಾಡಾಕ ಸಾವ್ಕಾರ್ರು ಬ್ಯಾಡಗಿಯಿಂದ ಟ್ರಂಕ್ ಮಾಡೋ ಚಾಚಾನ್ನ ಕರಸಿದ್ರು. ಲಗ್ನದ ಟ್ರಂಕಿಗೆ ಇಡೀ ಸೀಮಿಯೊಳಗ ಹೆಸರಾದ ಮನಷ್ಯಾ. ಮನಿಯೊಳಗ ಉರ್ದು, ಪ್ಯಾಟಿಯೊಳಗ ಕನ್ನಡ, ಕಬ್ಬಿಣದ ಜೋಡಿ ಬರೇ ಬೈಗಳ.

"ಚಾಚಾ, ಇದಕ್ಕ ಒಂದು ಡಬ್ಬಿ ಬೇಕು. ಹದಿನೈದು ಕಿಲೋ ತೂಗಬೇಕು" ಅಂದ್ರು ಸಾವ್ಕಾರ್ರು.

ಚಾಚಾ ಮಷೀನು ಸುತ್ತ ಒಂದು ಸುತ್ತು ಹಾಕಿದ. "ಇದು ಓಡಿ ಹೋಗತೈತೇನ್ರಿ?"

"ಇಲ್ಲ."

"ಮತ್ತ ಹದಿನೈದು ಕಿಲೋ ಯಾಕ್ರಿ ಸಾಬ್?"

"ದೇಶಕ್ಕ" ಅಂದ್ರು ಸಾವ್ಕಾರ್ರು.

ಚಾಚಾ ಎಂಟು ದಿನದಾಗ ಡಬ್ಬಿ ತಂದ. ದಪ್ಪ ತಗಡು, ಎರಡೂ ಮಗ್ಗಲ ಹಿಡಿಕಿ, ಮುಂದ ಬೀಗ ಹಾಕಾಕ ಕೊಂಡಿ. ಹಸರು ಬಣ್ಣ. ಮ್ಯಾಲ ಎರಡು ಗಿಳಿ, ನಡಬರಕ ಗುಲಾಬಿ. ತಕ್ಕಡಿಯೊಳಗ ಇಟ್ರ ಸ್ವದೇಶಿ ಪರಡಿ ಧಪ್ಪಂತ ನೆಲಕ್ಕ ಬಡೀತು, ಹೊರದೇಶದ ಸಾಮಾನು ಇದ್ದ ಪರಡಿ ಮ್ಯಾಲ ಹಾರಿ ತೊಲಿಗೆ ಬಡದು ಒಂದು ಗುಬ್ಬಿ ಗೂಡು ಕೆಡವಿತು.

ನನಗ ಬ್ಯಾರೇನ ಹೆದರಿಕಿ. "ಚಾಚಾ, ಒಳಗ ಝಳ ಆಗತೈತಿ. ಗಾಳಿಗೆ ನಾಲ್ಕು ತೂತು ಹೊಡೀಬೇಕಿತ್ತು."

"ಹೊಡೀತೇನ್ರಿ ಮಾಸ್ತರ. ತೂತಿನ ತೂಕ ಯಾರು ತುಂಬಿ ಕೊಡ್ತಾರ?"

ಸಾವ್ಕಾರ್ರು ಅಂವನ ಬೆನ್ನು ಚಪ್ಪರಿಸಿ ನನಗ ಹೇಳಿದ್ರು: "ನೋಡ್ರಿ, ತಾಂತ್ರಿಕ ಮುಖ್ಯಸ್ಥ ಅಂದ್ರ ಹಿಂಗಿರಬೇಕು."

ರಾಣೇಬೆನ್ನೂರಿನ ತಕರಾರು

ಮೊದಲನೇ ಮಷೀನು ರಾಣೇಬೆನ್ನೂರಿನ ಒಂದು ಬೀಜದ ಅಂಗಡಿಗೆ ಹೋತು. ನಾಲ್ಕು ಮಂದಿ ಹಮಾಲರು ಹೊತ್ತು ಇಳಿಸಿದ್ರು. ಅದನ್ನ ಇಟ್ಟ ಟೇಬಲ್ಲು ನಡು ಬಗ್ಗಿತು.

ಒಂದು ತಿಂಗಳಿಗೆ ಅಲ್ಲಿಂದ ಕಾಗದ ಬಂತು: "ಮಷೀನಿನ ಬಗ್ಗೆ ತಕರಾರು ಐತಿ. ಸಹಿ ಮಾಡಿದವರು ಬರಬೇಕು."

ಸಹಿ ಮಾಡಿದವರು ಅಂದ್ರ ನಾನ. ಬಸ್ಸಿನ್ಯಾಗ ಎಷ್ಟು ನಡುಗಿದೆ ಅಂದ್ರ, ಡ್ರೈವರ್ ಇಂಜಿನ್ನಿಗೆ ಏನೋ ಆತು ಅಂತ ಎರಡು ಸಲ ಬಸ್ ನಿಂದ್ರಸಿದ. ಝಳಕ್ಕ ಒಳಗಿನ ತಾರು ಕರಗಿರಬೇಕು, ಬೆಂಕಿ ಹತ್ತಿರಬೇಕು, ಅಂಗಡಿ ಸುಟ್ಟಿರಬೇಕು, ಬೀಜ ಎಲ್ಲಾ ಹುರಿದಿರಬೇಕು. ರಾಣೇಬೆನ್ನೂರು ಮುಟ್ಟೂದ್ರೊಳಗ ನಾ ಮನಸ್ಸಿನ್ಯಾಗ ಇಡೀ ಬಜಾರ ಸುಟ್ಟಿದ್ದೆ.

ಹೋಗಿ ನೋಡಿದ್ರ ಅಂಗಡಿ ನೆಟ್ಟಗಿತ್ತು. ಮಷೀನೂ ನಡದಿತ್ತು. ಅದರ ಬಲಗಿಳಿ ಮ್ಯಾಲ ಮೂರು, ಎಡಗಿಳಿ ಮ್ಯಾಲ ಮೂರು ಜ್ವಾಳದ ರೊಟ್ಟಿ ಇಟ್ಟಿದ್ರು. ಮಾಲಕರು ಕುರ್ಚಿ ಕೊಟ್ಟು, ಚಾ ತರಸಿ, ಗಂಭೀರ ಆಗಿ ಕುಂತ್ರು.

"ಏನಾಗೇತ್ರಿ?" ಅಂದೆ.

"ಮುಂಜಾನೆ ಮನಿಯಿಂದ ರೊಟ್ಟಿ ತಂದು ಇದರ ಮ್ಯಾಲ ಇಡತೇವಿ. ಮಧ್ಯಾಹ್ನ ಊಟದ ಹೊತ್ತಿಗೆ ಬಿಸಿ ಇರತಾವ. ಅದಕ್ಕೇನು ದೂರಿಲ್ಲ."

"ಮತ್ತ್ಯಾವುದಕ್ಕ್ರೀ?"

"ಬಲಕ್ಕ ಇಟ್ಟದ್ದು ಬಿಸಿ ಆಗತಾವ, ಎಡಕ್ಕ ಇಟ್ಟದ್ದು ಹಂಗ ತಣ್ಣಗ ಉಳೀತಾವ. ಎಡಕ್ಕ ನಮ್ಮ ದೊಡ್ಡಣ್ಣಾರ ರೊಟ್ಟಿ ಇರತಾವ. ಮನಿಯೊಳಗ ಪಾಲು ಕೇಳಾಕ ಹತ್ಯಾರ."

ಕದರಮಂಡಲಗಿಯ ಹರಕಿ

ಅಷ್ಟರಾಗ ಬರೂದು ಬಂತು. ದಿಲ್ಲಿಯಿಂದ ಕಾಗದ. ಮಷೀನಿನ್ಯಾಗ ಸ್ವದೇಶಿ ಎಷ್ಟೈತಿ ಅಂತ ಪರೀಕ್ಷೆ ಮಾಡಾಕ ಒಬ್ಬ ಅಧಿಕಾರಿ ಬರೂದು ಖರೇ ಆತು. ಕಾಗದದಾಗ ನನ್ನ ಹೆಸರು ಇಂಗ್ಲಿಷಿನ್ಯಾಗ ಇತ್ತು. ನನ್ನ ಹೆಸರು ಇಂಗ್ಲಿಷಿನ್ಯಾಗ ನೋಡಿದ್ದು ಅದ ಮೊದಲು, ಆಗಲೇ ಅಪರಾಧಿ ಹೆಸರಿನಂಗ ಕಂಡಿತು.

ಸಾವ್ಕಾರ್ರು ಮಾತ್ರ ಗಟ್ಟಿ. "ಮಾಸ್ತರ, ಅಂಜಬ್ಯಾಡ್ರಿ. ನಾ ನಿಮ್ಮ ಹಿಂದ ಗ್ವಾಡಿ ಹಂಗ ನಿಂತೇನಿ."

"ಮುಂದ ನಿಂದರಾಕ ಆಗಂಗಿಲ್ಲೇನ್ರಿ?"

"ಗ್ವಾಡಿ ಹಿಂದ ಇರಬೇಕ್ರಿ."

ಶನಿವಾರ ಮುಂಜಾನೆ ಯಾರಿಗೂ ಹೇಳದ ಕದರಮಂಡಲಗಿಗೆ ಹೋದೆ. ಆಂಜನೇಯನ ಮುಂದ ನಿಂತು ಕಣ್ಣು ಮುಚ್ಚಿದೆ. ಬಾಯಿ ತೆಗೀಬೇಕು, ಅಷ್ಟರಾಗ ಕಂಬದ ಆ ಕಡೆಯಿಂದ ಗೊತ್ತಿರೋ ದನಿ. ಇಣುಕಿ ನೋಡಿದ್ರ ನಮ್ಮ ಸಾವ್ಕಾರ್ರು. ಒದ್ದಿ ಪಂಜಿಯೊಳಗ, ಕೈ ಜೋಡಿಸಿ, ಕಣ್ಣಾಗ ನೀರು.

"ತಂದಿ, ಆ ಅಧಿಕಾರಿ ಬರಬಾರದು. ಬಂದ್ರೂ ಏನೂ ಸಿಗಬಾರದು. ಸಿಕ್ಕು, ಒಬ್ಬರನ್ನ ಹಿಡಕೊಂಡು ಹೋಗೂದ ಖರೇ ಆದ್ರ, ನಮ್ಮ ಮಾಸ್ತರರನ್ನ ಹಿಡಕೊಂಡು ಹೋಗ್ಲಿ. ಭಾಳ ಒಳ್ಳೇ ಮನಷ್ಯಾ. ಜೈಲಿನ್ಯಾಗ ಎಲ್ಲಾರ ಜೋಡಿ ಹೊಂದಿಕೊಂಡು ಹೋಗ್ತಾರ."

ನಾ ಸುಮ್ಮನ ಬಿಡತೇನೇನು. ಕಂಬದ ಈ ಕಡೆಯಿಂದ ಅವರಿಗೆ ಕೇಳೂವಂಗ ಹೇಳಿದೆ: "ತಂದಿ, ಸಹಿ ನಂದು, ಆದ್ರ ಬುದ್ಧಿ ಯಾರದು ಅಂತ ನಿನಗ ಗೊತ್ತೈತಿ. ಅಧಿಕಾರಿಗೂ ಗೊತ್ತು ಮಾಡಿಸು."

ಪೂಜಾರಪ್ಪ ತೀರ್ಥ ಹಿಡಕೊಂಡು ಬಂದವರು ಇಬ್ಬರನ್ನೂ ನೋಡಿ, "ಒಂದ ಫ್ಯಾಕ್ಟರಿಯವರೇನ್ರಿ? ಅಂವ ಟ್ರಂಕ್ ಚಾಚಾ ಹೊರಗ ಚಪ್ಪಲಿ ಕಾಯಾಕ ಕುಂತಾನ. ಇಬ್ಬರ ಹೆಸರಿಲೆ ಎರಡು ಕಾಯಿ ಒಡಸ್ಯಾನ. ಯಾರು ಜೈಲಿಗೆ ಹ್ವಾದ್ರೂ ಡಬ್ಬಿ ಆರ್ಡರ್ ನಿಂದರಬಾರದಂತ" ಅಂದ್ರು.

ದಿಲ್ಲಿ ಗಾಡಿ

ಅಧಿಕಾರಿ ಬಂದ ಬಂದ್ರು. ಸಣ್ಣ ಮೈ, ದಪ್ಪ ಚಾಳೀಸು, ಬರೇ ಹಿಂದಿ. ಸಾವ್ಕಾರ್ರಿಗೆ ಹಿಂದಿ ಬರಂಗಿಲ್ಲ, ನನಗ ಅಂಜಿಕಿಯೊಳಗ ಕನ್ನಡಾನೂ ಬರಾಕತ್ತಿರಲಿಲ್ಲ. ಹಿಂಗಾಗಿ ನಡುವ ಚಾಚಾನ್ನ ನಿಂದ್ರಸಿದ್ವಿ.

ಸಾವ್ಕಾರ್ರು ತಕ್ಕಡಿ ತೋರಿಸಿದ್ರು. ಒಂದು ಪರಡಿಯೊಳಗ ಗಿಳಿ ಡಬ್ಬಿ, ಇನ್ನೊಂದ್ರಾಗ ಬಿಚ್ಚಿದ ಸಾಮಾನು. ಅಧಿಕಾರಿ ತಕ್ಕಡಿ ನೋಡಿದ್ರು, ಚಾಳೀಸು ತಗದು ಒರಸಿದ್ರು, ಮತ್ತ ನೋಡಿದ್ರು. ಏನೋ ಕೇಳಿದ್ರು.

ಚಾಚಾ ನನ್ನ ಕಡೆ ಹೊಳ್ಳಿದ. "ಅರ್ಧ ಅಂದ್ರ ತೂಕ ಅಲ್ಲಂತ್ರಿ, ಬೆಲೆ ಅಂತ. ಸಹಿ ಯಾರದು ಅಂತ ಕೇಳಾಕತ್ತಾರ."

ಸಾವ್ಕಾರ್ರು ಗ್ವಾಡಿ ಹಂಗ ನನ್ನ ಹಿಂದ ಸರದು ನಿಂತ್ರು. ನನ್ನ ಧೈರ್ಯ ಅಲ್ಲಿಗೆ ಮುಗೀತು. "ನಂದ್ರಿ. ಇದ್ರಾಗ ನಾವು ಮಾಡಿದ್ದು ಡಬ್ಬಿ ಒಂದ. ಉಳದದ್ದೆಲ್ಲಾ ಹೊರಗಿಂದು. ಚಾಚಾ, ಇಷ್ಟ ಹೇಳಿಬಿಡು."

ನಾ ಹೇಳಿದ್ದು ಒಂದು ಉಸರಿನಷ್ಟು. ಚಾಚಾ ಅದನ್ನ ಉರ್ದುವಿನ್ಯಾಗ ಅರ್ಧಾ ತಾಸು ಹೇಳಿದ. ಕೈಲೆ ತಗಡು ಬಡದು ತೋರಿಸಿದ, ಗಿಳಿ ತೋರಿಸಿದ, ಒಂದು ಸಲ ಡಬ್ಬಿ ಮ್ಯಾಲ ಹತ್ತಿ ನಿಂತು ತೋರಿಸಿದ. ಅಧಿಕಾರಿ ಭಾಳ ಹೊತ್ತು ಬರಕೊಂಡು, ನನ್ನ ಕಡೆ ಬೊಟ್ಟು ಮಾಡಿ ಉದ್ದಕ ಏನೋ ಹೇಳಿದ್ರು. ಅಷ್ಟರಾಗ ಮಸೂತಿಯೊಳಗ ಬಾಂಗ್ ಆತು. ಚಾಚಾ ಚಪ್ಪಲಿ ಮೆಟ್ಟಿಕೋತ ಹೇಳಿದ:

"ಮಾಸ್ತರ, ನಿಮ್ಮನ್ನ ದಿಲ್ಲಿಗೆ ಕರಕೊಂಡು ಹೋಗ್ತಾರಂತ. ಸಂಜಿ ಗಾಡಿಗೆ. ಅರಿವಿ ತಗೊಂಡು ಸ್ಟೇಶನ್ನಿಗೆ ಬರ್ರಿ. ಉಳದದ್ದು ನಮಾಜ್ ಮುಗಿಸಿ ಬಂದು ಹೇಳತೇನಿ."

ಸಾವ್ಕಾರ್ರು ನನ್ನ ಕೈ ಹಿಡಕೊಂಡ್ರು. "ಮನಿ ಕಡೆ ಚಿಂತಿ ಮಾಡಬ್ಯಾಡ್ರಿ. ಅಲ್ಲೆ ಹೊಡದ್ರೂ ನನ್ನ ಹೆಸರು ಹೇಳಬ್ಯಾಡ್ರಿ."

ಮನಿಗೆ ಹೆಂಗ ಹ್ವಾದೆ ನನಗ ಗೊತ್ತಿಲ್ಲ. ಹೆಂಡ್ತಿ ಎಲ್ಲಾ ಕೇಳಿಕೊಂಡ್ಲು. ಅಳಲಿಲ್ಲ. ಸೆರಗು ಸೊಂಟಕ್ಕ ಸಿಗಿಸಿ ಕೇಳಿದ್ಲು, "ಎಷ್ಟು ವರ್ಷಂತ್ರಿ?"

"ಹೇಳಿಲ್ಲ."

"ಕೇಳಬೇಕಲ್ರಿ. ತಯಾರಿ ಹೆಂಗ ಮಾಡ್ಲಿ?"

ಎರಡು ಗಂಟು ಕಟ್ಟಿದ್ಲು. ಒಂದನ್ನ ನಾ ಎತ್ತಾಕ ಹೋಗಿ ಮುಂದಕ್ಕ ಮುಗ್ಗರಿಸಿದೆ. ಓಣಿ ಮಂದಿ ಸಾಲಾಗಿ ನಿಂತು ನನ್ನ ಕಳಿಸಿದ್ರು. ಒಬ್ಬರು ಹಾರ ತಂದಿದ್ರು, ಹಾಕಬೇಕೋ ಬ್ಯಾಡೋ ಗೊತ್ತಾಗದ ಕೈಯಾಗ ಹಿಡಕೊಂಡ ನಿಂತಿದ್ರು.

ಹೆಂಡ್ತಿ ಜೋಡಿ ಸ್ಟೇಶನ್ನಿಗೆ ಹೋಗಿ ನೋಡಿದ್ರ ಕೈಗಾಡಿ ಮ್ಯಾಲ ಗಿಳಿ ಡಬ್ಬಿ. ಅದರ ಮ್ಯಾಲ ಹೊಸ ಟೋಪಿ ಹಾಕಿಕೊಂಡು ಚಾಚಾ ಕುಂತಾನ.

"ಚಾಚಾ, ನಿನ್ನನ್ನೂ ಒಳಗ ಹಾಕ್ತಾರೇನಪಾ?"

"ಅರೇ ಮಾಸ್ತರ, ಯಾತರ ಒಳಗ್ರಿ? ಸಾಹೇಬ್ರು ಎಷ್ಟೋ ಫ್ಯಾಕ್ಟರಿ ನೋಡ್ಯಾರಂತ. ಎಲ್ಲಾರೂ ಹೊರಗಿಂದು ತರಸಿ ಬರೇ ಹೆಸರಿನ ಚೀಟಿ ಹಚ್ಚ್ಯಾರಂತ, ಡಬ್ಬೀನೂ ಹೊರಗಿಂದ. ಡಬ್ಬಿನಾರ ತಾವ ಮಾಡಿ, ಉಳದದ್ದು ನಮ್ಮದಲ್ಲ ಅಂತ ಬಾಯಿ ಬಿಟ್ಟು ಹೇಳಿದವರು ನೀವೊಬ್ಬರ ಅಂತ. ದಿಲ್ಲಿಯೊಳಗ ಪ್ರದರ್ಶನ ಐತಿ. ಎಂಟು ದಿನ. ನಾ ಡಬ್ಬಿ ಮಾಡೂದು ತೋರಸಬೇಕು, ನೀವು ತಾರು ಜೋಡಸೂದು ತೋರಸಬೇಕು. ಲೈಸೆನ್ಸಿಗೆ ಇನ್ನೂ ಒಂದು ವರ್ಷ ಟೈಮ್ ಕೊಟ್ಟಾರ."

ನನ್ನ ಕಾಲಾಗಿನ ನಡುಕ ಪ್ಲಾಟ್‌ಫಾರ್ಮಿಗೆ ಇಳದು ಹೋತು. ಹಿಂದಿಂದ ಸಾವ್ಕಾರ್ರು ನುಗ್ಗಿಕೊಂಡು ಬಂದ್ರು. "ಚಾಚಾ, ನನ್ನ ಹೆಸರೂ ಬರಕೊಂಡಾರಲ್ಲ?"

"ಇಲ್ರಿ ಸಾವ್ಕಾರ್ರ. ಸಹಿ ಮಾಡಿದವರದಷ್ಟ ಬರಕೊಂಡ್ರು."

ಗಾಡಿ ಕೂಗಿತು. ನಾ ಆ ಭಾರದ ಗಂಟು ಎತ್ತಾಕ ಹ್ವಾದ್ರ ನನ್ನ ಹೆಂಡ್ತಿ ಅದನ್ನ ಕಸಗೊಂಡ್ಲು. ಅಲ್ಲೇ ಪ್ಲಾಟ್‌ಫಾರ್ಮಿನ ಮ್ಯಾಲ ಕುಂತು ಬಿಚ್ಚಿ, ಬ್ಯಾಡಗಿ ಖಾರಪುಡಿ ಡಬ್ಬಿ ಒಂದೊಂದಾಗಿ ಹೊರಗ ತಗದು ಇಡಾಕ ಹತ್ತಿದ್ಲು. ಒಂಬತ್ತು ಡಬ್ಬಿ ತಗದು, ಒಂದನ್ನ ನನ್ನ ಕೈಗೆ ಕೊಟ್ಟು ಹೇಳಿದ್ಲು:

"ಎಂಟು ದಿನಕ್ಕ ಇದು ಸಾಕು. ನಾ ಐದು ವರ್ಷಕ್ಕಂತ ಅಂದಾಜು ಹಿಡದಿದ್ದೆ."