ಕಳ್ಳಜೇಬಿಗೆ ಎರಡೆಳೆ ಹೊಲಿಗೆ

ಗಂಡ ಮನೆ ಬಿಟ್ಟು ಹೋಗಿದ್ದರೆ ಅವಳಿಗೆ ನಾಲ್ಕು ಜನರ ಕನಿಕರವಾದರೂ ಸಿಗುತ್ತಿತ್ತು. ಅವನು ಕೆಲಸ ಬಿಟ್ಟು ಮನೆಯಲ್ಲೇ ಉಳಿದ. ಉಳಿದು ಜಾದೂಗಾರನಾದ. ವಿಷಯ ಕೇಳಿದವರೆಲ್ಲ, "ಹೌದಾ? ಹಾಗಾದ್ರೆ ನಿಮ್ಮನ್ನೇ ಮಾಯ ಮಾಡ್ತಾರೇನ್ರೀ?" ಎಂದು ನಗುತ್ತಿದ್ದರು. (ಈ ಜೋಕನ್ನು ಅವಳು ಹದಿನೇಳು ಸಲ ಕೇಳಿದ್ದಳು. ಹದಿನೇಳು ಸಲವೂ ಹೇಳಿದವರು ಅದನ್ನು ಆಗಷ್ಟೇ ತಾವೇ ಕಂಡುಹಿಡಿದವರಂತೆ ಹೊಟ್ಟೆ ಹಿಡಿದುಕೊಂಡಿದ್ದರು.)

ಎಂಟು ವರ್ಷ ಅವನು ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಫೋನು ಹಿಡಿದು ಕೂತಿದ್ದ. ಮೂರನೆಯ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಸಿಕ್ಕಿಕೊಂಡವರಿಗೆ, "ಗಾಬರಿ ಆಗ್ಬೇಡಿ, ಉಸಿರಾಡ್ತಾ ಇರಿ" ಎಂದು ಹೇಳುವುದು ಅವನ ಕೆಲಸ. ಅವಳ ಪ್ರಕಾರ ಭೂಮಂಡಲದಲ್ಲಿ ಅದಕ್ಕಿಂತ ಸುರಕ್ಷಿತ ಉದ್ಯೋಗವಿರಲಿಲ್ಲ. ಆರು ಗಂಟೆಗೆ ಮನೆಗೆ ಬರುತ್ತಾನೆ, ಸಿಕ್ಕಿಕೊಳ್ಳುವವರು ಬೇರೆಯವರು. ಅಂಥವನು ಒಂದು ದಿನ ಶೂ ಬಿಚ್ಚುವ ಮೊದಲೇ ಘೋಷಿಸಿದ:

"ಕೆಲಸ ಬಿಟ್ಟೆ ಕಣೇ. ಇನ್ಮೇಲೆ ನಾನು ಮಕ್ಕಳ ಜಾದೂಗಾರ. ಬರೀ ಜಾದೂ ಅಲ್ಲ, ಶೈಕ್ಷಣಿಕ ಜಾದೂ!"

'ಶೈಕ್ಷಣಿಕ' ಎಂದು ಸೇರಿಸಿದರೆ ಏಟು ಮೆತ್ತಗೆ ಬೀಳುತ್ತದೆ ಎಂದು ಅವನ ಅಂದಾಜು.

ಅತ್ತೆಗೆ ಮಾತ್ರ ಮಗನ ಬಗ್ಗೆ ಎಲ್ಲಿಲ್ಲದ ಹೆಮ್ಮೆ. "ಚಿಕ್ಕಂದಿನಿಂದಲೂ ಇವನಿಗೆ ಆ ಕಲೆ ಇತ್ತು. ಪರೀಕ್ಷೆ ಬಂತು ಅಂದ್ರೆ ಪುಸ್ತಕ ಮಾಯ!"

ಅತ್ತು ಕರೆದು, ಎರಡು ದಿನ ಮಾತು ಬಿಟ್ಟು, ಕೊನೆಗೊಂದು ಒಪ್ಪಂದವಾಯಿತು. ಐದು ವರ್ಷದ ಮಗಳು ಗುಬ್ಬಿ ಹೋಗುವ ಶಾಲೆಯಲ್ಲೇ ಒಂದು ಪರೀಕ್ಷಾ ಪ್ರದರ್ಶನ. ಮುಖ್ಯೋಪಾಧ್ಯಾಯಿನಿ ಮೆಚ್ಚಿದರೆ ವರ್ಷವಿಡೀ ಪ್ರತಿ ಶನಿವಾರ ಅವನ ಕಾರ್ಯಕ್ರಮ. ಮೆಚ್ಚದಿದ್ದರೆ ಮರುಮಾತಿಲ್ಲದೆ ಲಿಫ್ಟ್ ಕಂಪನಿಗೆ ವಾಪಸ್ಸು. ಮ್ಯಾನೇಜರು ತಿಂಗಳ ಕೊನೆಯವರೆಗೆ ಕುರ್ಚಿ ಖಾಲಿ ಇಡಲು ಒಪ್ಪಿದ್ದರು. ಮುಖ್ಯೋಪಾಧ್ಯಾಯಿನಿ ನಗುವುದನ್ನು ಕಂಡವರು ಆ ಶಾಲೆಯ ಚರಿತ್ರೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವಳು ಧೈರ್ಯವಾಗಿ ಒಪ್ಪಿಕೊಂಡಳು. "ಮಕ್ಕಳು ನಕ್ಕು ಎದ್ದು ಹೋದ್ರೆ ಸಾಲದು. ಏನಾದ್ರೂ ಕಲಿತು ಹೋಗ್ಬೇಕು," ಎಂದು ಮುಖ್ಯೋಪಾಧ್ಯಾಯಿನಿ ಮೊದಲೇ ಎಚ್ಚರಿಸಿದ್ದರು.

ಆದರೂ ಎದುರಿಗೆ ಕೂರುವವರು ಮಕ್ಕಳು. ಅವಳ ಜೀವ ಕೇಳಬೇಕಲ್ಲ. ಊಟದ ಮೇಜಿನ ಮೇಲೆ ಅವನು ಹರಡಿಟ್ಟಿದ್ದ ಸಾಮಾನಿನ ತಪಾಸಣೆ ನಡೆಯಿತು.

"ಮೇಣದಬತ್ತಿ ಯಾಕೆ?"

"ಅದು ಹೂವಾಗುತ್ತೆ."

"ಹೂವಾಗೋ ಮೊದಲು ಬೆಂಕಿ ತಾನೇ? ಬೇಡ. ಈ ನಾಣ್ಯ?"

"ಕಿವಿಯಿಂದ ಬರುತ್ತೆ."

"ಮಕ್ಕಳ ಬಾಯಿಗೆ ಹೋಗುತ್ತೆ. ಹಗ್ಗ ಬೇಡ, ಯಾರಾದ್ರೂ ಕುತ್ತಿಗೆಗೆ ಸುತ್ತಿಕೊಂಡ್ರೆ? ಬಲೂನು ಒಡೆದ್ರೆ ಚೂರು ಗಂಟಲಿಗೆ. ಕತ್ತರಿ... ರೀ, ನಿಮಗೂ ಒಂದು ಮಗು ಇದೆ ಅನ್ನೋ ನೆನಪಾದ್ರೂ ಇದೆಯಾ?"

"ಉಳಿದಿದ್ದು ನಾನೊಬ್ಬ. ನನ್ನ ಮೂಲೆಗಳೇನಾದ್ರೂ ಚೂಪಾಗಿವೆಯಾ, ನೋಡಿಬಿಡು," ಎಂದ ಅವನು.

ಕಟ್ಟಕಡೆಗೆ ಅವಳ ಕಣ್ಣಿಂದ ಪಾರಾಗಿ ಬಂದದ್ದು ಒಂದು ಕಪ್ಪು ಬಟ್ಟೆಯ ಚೀಲ ಮತ್ತು ಒಂದು ಮೊಟ್ಟೆ. ಮೊಟ್ಟೆಯೂ ಒಡೆದು ಯಾರಾದರೂ ಜಾರಿ ಬೀಳಬಹುದೆಂದು ಹೊಳೆದು, ಅದರ ಜಾಗಕ್ಕೆ ರಬ್ಬರ್ ಚೆಂಡು ಬಂತು. ಅವನು ಅದಕ್ಕೆ ಹಸಿರು ಬಣ್ಣ ಬಳಿದು, ಕೆಟ್ಟ ಕಣ್ಣು ಬರೆದು, 'ಕೀಟಾಣು' ಎಂದು ನಾಮಕರಣ ಮಾಡಿದ. ಕೀಟಾಣು ಚೀಲಕ್ಕೆ ಇಳಿಯುತ್ತದೆ, ಮಕ್ಕಳು ಸೋಪು ಹಚ್ಚುವ ಅಭಿನಯ ಮಾಡುತ್ತಾ ಇಪ್ಪತ್ತರವರೆಗೆ ಎಣಿಸುತ್ತಾರೆ, ಚೀಲ ತಿರುಗಿಸಿದರೆ ಕೀಟಾಣು ಮಾಯ. ಶಿಕ್ಷಣಕ್ಕೆ ಶಿಕ್ಷಣ, ಜಾದೂಗೆ ಜಾದೂ.

"ಅದು ಎಲ್ಲಿಗ್ರೀ ಹೋಗುತ್ತೆ?" ಎಂದು ಅವಳು ಕೇಳದೆ ಇರಲಿಲ್ಲ.

"ಹೇಳೋ ಹಾಗಿಲ್ಲ ಕಣೇ. ವೃತ್ತಿಧರ್ಮ."

"ಹೆಂಡತಿಗೂ?"

"ಹೆಂಡತಿಗೆ ಹೇಳಿದ್ರೆ ಅದನ್ನ ಗುಟ್ಟು ಅಂತಾರಾ?"

ಆ ಮಾತಿಗೆ ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು. ಮುಂದೆ ಆದದ್ದಕ್ಕೆಲ್ಲ ಆ ವೃತ್ತಿಧರ್ಮವೇ ಹೊಣೆ ಎಂದು ಅವಳು ಇಂದಿಗೂ ವಾದಿಸುತ್ತಾಳೆ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಚೀಲ ಅವಳ ಕೈಗೆ ಸಿಕ್ಕಿತು. ಅದೆಷ್ಟು ಕೈ ಹಾಕಿದ್ದಾನೋ! ನೂರು ಮಕ್ಕಳ ಮುಂದೆ ಶುಚಿತ್ವದ ಪಾಠ ಹೇಳುವ ಚೀಲವೇ ಕೊಳಕಾಗಿದ್ದರೆ ಜನ ಯಾರನ್ನು ಆಡಿಕೊಳ್ಳುತ್ತಾರೆ? ಹೆಂಡತಿಯನ್ನು. ಬಿಸಿನೀರಿನಲ್ಲಿ ಒಗೆದಳು, ಒಣಗಿಸಿದಳು, ಇಸ್ತ್ರಿ ಹಾಕಿದಳು. ಇಸ್ತ್ರಿ ಹಾಕುವಾಗ ನೋಡಿದರೆ ಒಳಗಿನ ಬಟ್ಟೆ ಒಂದು ಕಡೆ ಪೂರ್ತಿ ಬಿಟ್ಟುಕೊಂಡಿದೆ! 'ಅಯ್ಯೋ ಪಾಪ, ಹರಿದ ಚೀಲ ಹಿಡ್ಕೊಂಡು ಹೊರಟಿದ್ದಾರೆ' ಎಂದು ಅವಳ ಕರುಳು ಚುರುಕ್ ಎಂದಿತು. ಅವನು ಸೋಲಲಿ ಎಂದು ಅವಳು ಬಯಸಿದ್ದೇನೋ ನಿಜ, ಆದರೆ ನೀಟಾಗಿ ಸೋಲಲಿ. ಎರಡೆಳೆ ದಾರ ಪೋಣಿಸಿ, ಇರುವೆ ನುಸುಳದಷ್ಟು ಒತ್ತೊತ್ತಾಗಿ ಹೊಲಿದು, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದಳು.

ಮರುದಿನ ಶಾಲೆಯ ಸಭಾಂಗಣ ಗಿಜಿಗುಡುತ್ತಿತ್ತು. ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ನೀರಿನ ಬೋಗುಣಿ, ಸೋಪು, ಟವೆಲ್ಲು. ಮುಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯಿನಿ. ಅವರ ಹಿಂದೆ ಅವಳು, ಮಡಿಲಲ್ಲಿ ಅರ್ಧ ಔಷಧಿ ಅಂಗಡಿ ತುಂಬಿದ ಕೈಚೀಲ.

"ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು!" ಎಂದು ಮಕ್ಕಳು ಚೀರಿದರು. ಅವನು ಗತ್ತಿನಿಂದ ಚೀಲ ತಿರುಗಿಸಿದ. ಕೀಟಾಣು ಟಪ್ಪನೆ ಬಿದ್ದು, ಟಪಟಪ ಪುಟಿದು, ಮುಖ್ಯೋಪಾಧ್ಯಾಯಿನಿಯ ಪಾದದ ಬಳಿ ವಿಶ್ರಾಂತಿ ಪಡೆಯಿತು.

"ಹೋಗಿಲ್ಲಾ!" ಎಂದು ಸಭಾಂಗಣ ಹಾರಿಹೋಗುವಂತೆ ಮಕ್ಕಳು ಕೂಗಿದರು.

ಇನ್ನೊಮ್ಮೆ ಎಣಿಸಿದರು. ಇನ್ನೊಮ್ಮೆ ಟಪ್. ಅವನ ಬೆರಳು ಚೀಲದೊಳಗೆ ಏನನ್ನೋ ತಡಕಾಡಿತು, ಸಿಗಲಿಲ್ಲ, ಮತ್ತೆ ತಡಕಾಡಿತು. ಆಮೇಲೆ ಅವನು ನಿಧಾನವಾಗಿ ತಲೆಯೆತ್ತಿ ನೂರು ಮುಖಗಳ ನಡುವೆ ಅವಳನ್ನೇ ಹುಡುಕಿ ನೋಡಿದ.

ಅವಳಿಗೆ ಒಂದೇ ಕ್ಷಣದಲ್ಲಿ ಜ್ಞಾನೋದಯವಾಯಿತು. ಅದು ಹರುಕಲ್ಲ, ಕಳ್ಳಜೇಬು!

ಒಳ್ಳೆಯದೇ ಆಯಿತಲ್ಲ, ಇನ್ನು ಲಿಫ್ಟ್ ಕಂಪನಿಯ ಕುರ್ಚಿ ಗ್ಯಾರಂಟಿ ಎಂದು ಬುದ್ಧಿ ಹೇಳಿತು. ಆದರೆ 'ಬೇಕಂತಲೇ ಹೊಲಿದಳು' ಎಂಬ ಮಾತನ್ನು ಅತ್ತೆಯ ಬಾಯಿಂದ ಇನ್ನು ನಲವತ್ತು ವರ್ಷ ಕೇಳುವವಳು ಯಾರು? ಅದೂ ಹೋಗಲಿ. ಅವನ ಮುಖ ಇತ್ತಲ್ಲ, ಅದು ಎಂಟು ವರ್ಷ ಸಂಜೆ ಆರಕ್ಕೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ ಮುಖ. ಆ ಮುಖ ಮೂರು ವಾರದಿಂದ ಮನೆಗೆ ಬಂದೇ ಇರಲಿಲ್ಲವೆಂದು ಅವಳಿಗೆ ಈಗ ನೆನಪಾಯಿತು.

ಅವಳು ಎದ್ದಳು. "ಮಕ್ಕಳೇ, ಯಾರೂ ಓಡ್ಬೇಡಿ, ಬೀಳ್ತೀರಿ!" ಎನ್ನುತ್ತಾ ತಾನು ಓಡಿದಳು. ವೇದಿಕೆಯ ಮೆಟ್ಟಿಲಲ್ಲಿ ಎಡವಿ, ಸಾವರಿಸಿಕೊಂಡು, ಗಂಡನ ಕೈ ಹಿಡಿದು ಎತ್ತಿದಳು.

"ಕೀಟಾಣು ಯಾಕೆ ಹೋಗಿಲ್ಲ ಗೊತ್ತಾ? ಈ ಜಾದೂ ಮಾಮ ಕೈ ತೊಳೆದೇ ಇಲ್ಲ! ನೋಡಿ ಈ ಉಗುರು! ರೀ, ಬೆಳಿಗ್ಗೆ ಹೇಳಿದ್ನೋ ಇಲ್ವೋ?"

ಅವನು ಬೆಪ್ಪಾಗಿ, "ಹೇಳಿದ್ದೆ," ಎಂದ.

"ತೊಳೀರಿ ಈಗ. ಎಲ್ಲರೂ ಎಣಿಸ್ತಾರೆ."

ಮಕ್ಕಳ ಕಣ್ಣೆಲ್ಲ ಬೋಗುಣಿಯ ಮೇಲಿದ್ದಾಗ ಅವಳು ಅವನ ಬೆನ್ನ ಹಿಂದೆ ನಿಂತು, ಕೈಚೀಲದಿಂದ ಬ್ಯಾಂಡೇಜು ಕತ್ತರಿಸುವ ಪುಟ್ಟ ಕತ್ತರಿ ತೆಗೆದು ಕಪ್ಪು ಚೀಲದ ಹೊಲಿಗೆ ಬಿಚ್ಚತೊಡಗಿದಳು. ತನ್ನ ಹೊಲಿಗೆಯ ಗಟ್ಟಿತನವನ್ನು ಅವಳು ಅಂದು ಮೊದಲ ಬಾರಿಗೆ ಶಪಿಸಿದಳು. ಇಪ್ಪತ್ತಾಯಿತು, ನಾಲ್ಕು ಹೊಲಿಗೆ ಬಿಚ್ಚಿತ್ತು.

"ಬೆರಳ ಸಂದಿ ಬಿಟ್ರಿ! ಮತ್ತೆ ಮೊದಲಿಂದ!"

ಮಕ್ಕಳು ಕುಣಿದಾಡಿದರು. ಒಬ್ಬ ದೊಡ್ಡ ಮನುಷ್ಯ ಬೈಸಿಕೊಳ್ಳುವುದನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ಅವರಿಗೆ ಸಿಕ್ಕಿರಲಿಲ್ಲ. ಮತ್ತೆ ಇಪ್ಪತ್ತು.

"ಮುಂಗೈ ಯಾರು ತೊಳೀತಾರೆ, ನಿಮ್ಮಮ್ಮ ಬರ್ಬೇಕಾ? ಮತ್ತೆ!"

"ಇನ್ನೆಷ್ಟಿದೆಯೇ?" ಎಂದು ಅವನು ನೊರೆಯ ನಡುವಿನಿಂದ ಪಿಸುಗುಟ್ಟಿದ.

"ಅರ್ಧ. ಗಾಬರಿ ಆಗ್ಬೇಡಿ, ಉಸಿರಾಡ್ತಾ ಇರಿ."

ಐದನೆಯ ಇಪ್ಪತ್ತಕ್ಕೆ ಕೊನೆಯ ದಾರ ಕಡಿಯಿತು. ಅವನು ಸುಕ್ಕುಗಟ್ಟಿದ ಕೈಗಳಿಂದ ಕೀಟಾಣುವನ್ನು ಚೀಲಕ್ಕಿಳಿಸಿ, ತಿರುಗಿಸಿದ. ಖಾಲಿ! ಛಾವಣಿ ಅದುರಿತು. ನೂರು ಮಕ್ಕಳು ಯಾರೂ ಹೇಳದೆಯೇ ತಮ್ಮ ತಮ್ಮ ಉಗುರು ನೋಡಿಕೊಂಡರು. ಶಾಲೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಮುಖ್ಯೋಪಾಧ್ಯಾಯಿನಿ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅದ್ಭುತ! ಇಬ್ಬರೂ ಸೇರಿ ಎಷ್ಟು ವರ್ಷದಿಂದ ಇದನ್ನ ಮಾಡ್ತಿದ್ದೀರಿ?" ಎಂದು ಆಮೇಲೆ ಅವರು ಕೇಳಿದರು.

"ಮದುವೆ ಆದಾಗಿನಿಂದ ಮೇಡಂ," ಎಂದ ಅವನು.

"ಪ್ರತಿ ಶನಿವಾರ ಬನ್ನಿ. ಆದ್ರೆ ಒಂದು ಷರತ್ತು. ಬೈಯೋ ಭಾಗ ತಪ್ಪಿಸೋ ಹಾಗಿಲ್ಲ."

ಹೀಗೆ, ಸುರಕ್ಷಿತ ಉದ್ಯೋಗ ಬಿಟ್ಟ ಗಂಡನನ್ನು ದಾರಿಗೆ ತರಲು ಹೊರಟವಳು ತಾನೇ ಆ ದಾರಿ ಹಿಡಿದಳು. ಈಗ ಶುಕ್ರವಾರ ಮಧ್ಯಾಹ್ನ ಬಂತೆಂದರೆ ಅವಳು ಸೂಜಿಗೆ ದಾರ ಪೋಣಿಸಿ, ಚೀಲದ ಕಳ್ಳಜೇಬನ್ನು ತಾನೇ ಕೈಯಾರೆ ಹೊಲಿಯಬೇಕು. (ಒಂದೇ ಎಳೆ. ಎರಡೆಳೆ ಹಾಕಿದರೆ ಗಂಡನ ಕೈ ಚರ್ಮ ಸುಲಿಯುತ್ತದೆ.) ಅತ್ತೆಯಂತೂ, "ನನ್ನ ಮಗ ಇಲ್ಲದಿದ್ರೆ ನಿನ್ನ ಬಾಯಿಗೆ ಇಂಥ ವೇದಿಕೆ ಎಲ್ಲಿ ಸಿಗ್ತಿತ್ತಮ್ಮಾ?" ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ.

ಮೊನ್ನೆ ತರಗತಿಯಲ್ಲಿ ಟೀಚರು ಮಕ್ಕಳನ್ನೆಲ್ಲ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆಂದು ಕೇಳಿದರಂತೆ. ಗುಬ್ಬಿ ಎದ್ದು ನಿಂತು, ಸುಳ್ಳು ಹೇಳಬಾರದೆಂದು ಅಮ್ಮ ಕಲಿಸಿದ್ದನ್ನು ನೆನಪಿಸಿಕೊಂಡು, ಸ್ಪಷ್ಟವಾಗಿ ಹೇಳಿದಳಂತೆ:

"ನಮ್ಮಪ್ಪ ಮ್ಯಾಜಿಕ್ ಮಾಡ್ತಾರೆ ಮಿಸ್. ನಮ್ಮಮ್ಮ ಅದನ್ನ ಕೆಡಿಸ್ತಾರೆ. ಎಲ್ಲರೂ ಚಪ್ಪಾಳೆ ತಟ್ಟೋದು ಅಮ್ಮಂಗೇ."