ಇರುವೆ ಗುಡ್ಡ ಹತ್ತಿದ ಬಗೆ

ಇರುವೆ ಎಂಬ ಪುಟ್ಟ ಕಾರು ಒಂದು ಲೀಟರ್ ಪೆಟ್ರೋಲಿಗೆ ಮೂವತ್ತೊಂದು ಕಿಲೋಮೀಟರ್ ಓಡುತ್ತದೆ. ಇದು ಇಂಧನ ಮಿತವ್ಯಯ ದೃಢೀಕರಣ ಮಂಡಳಿಯು ಪರೀಕ್ಷಿಸಿ, ಮೊಹರು ಹಾಕಿ, ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಿದ ಸತ್ಯ. ಪರೀಕ್ಷೆ ನಡೆದ ಕೋಣೆಗೆ ಕಿಟಕಿ ಇರಲಿಲ್ಲ.

ಆ ಕೋಣೆಯ ನೆಲದಲ್ಲಿ ಎರಡು ಉಕ್ಕಿನ ಉರುಳೆಗಳಿದ್ದವು. ಕಾರನ್ನು ಅವುಗಳ ಮೇಲೆ ನಿಲ್ಲಿಸಿ, ಹಿಂದಿನಿಂದ ಸರಪಳಿ ಬಿಗಿದು ಓಡಿಸುತ್ತಿದ್ದರು. ಚಕ್ರ ಓಡುತ್ತಿತ್ತು, ಉರುಳೆ ಓಡುತ್ತಿತ್ತು, ಕಾರು ಮಾತ್ರ ಸಂಭಾವಿತರ ಹಾಗೆ ಇದ್ದಲ್ಲೇ ಇರುತ್ತಿತ್ತು. ಎದುರಿಗೊಂದು ಫ್ಯಾನು, ಅದು ಗಾಳಿ. ಗೋಡೆಯ ಮೇಲೆ ನೇರ ರಸ್ತೆಯ ಚಿತ್ರವಿದ್ದ ಹಳೇ ಕ್ಯಾಲೆಂಡರು; ಅದು ದಾರಿ. ಎಸಿ ಹಾಕುವಂತಿಲ್ಲ, ಸ್ಟೆಪ್ನಿ ಇಡುವಂತಿಲ್ಲ, ಡ್ರೈವರನ ಜೇಬಿನಲ್ಲಿ ಬಾಚಣಿಗೆ ಇದ್ದರೆ ಅದನ್ನೂ ಹೊರಗಿಟ್ಟು ಬರಬೇಕು.

ಆ ಡ್ರೈವರನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿಸಿಕೊಳ್ಳುವ ದಿನ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಮುಳ್ಳು ಅಲ್ಲಾಡಿತೋ ಇಲ್ಲವೋ ಎಂದು ಆಯ್ಕೆ ಸಮಿತಿಯಲ್ಲಿ ಭಿನ್ನಾಭಿಪ್ರಾಯ ಬಂದಿತ್ತು. ಉಳಿದ ಅರ್ಹತೆ ಯಾರೂ ಕೇಳಲಿಲ್ಲ. ಕಡ್ಡಿ ಬೂಟು ಕಳಚಿಟ್ಟು, ಕಾಲುಚೀಲದ ಹೆಬ್ಬೆರಳಿನಿಂದ ಆಕ್ಸಿಲರೇಟರನ್ನು ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಒತ್ತುತ್ತಿದ್ದ. ಹೀಗೆ ಕೋಣೆ ಬಿಟ್ಟು ಕದಲದೆ ಭೂಮಿಗೆ ಎಷ್ಟೋ ಸುತ್ತು ಹಾಕಿದ್ದ. ಮೂವತ್ತೊಂದರ ಕೆಳಗೆ ಇದ್ದದ್ದು ಅವನದೇ ಸಹಿ.

ಪ್ರಮಾಣಪತ್ರದ ಮೊಹರು ಒಣಗುವ ಮೊದಲೇ ಕಾರು ಕಂಪನಿಯವರು ಮಂಡಳಿಯ ನೌಕರರಿಗೆಲ್ಲ ರಿಯಾಯಿತಿಯಲ್ಲಿ ಇರುವೆ ಕೊಡುವುದಾಗಿ ಪತ್ರ ಬರೆದರು. ಪ್ರಮಾಣಪತ್ರಕ್ಕೂ ರಿಯಾಯಿತಿಗೂ ಯಾವ ಸಂಬಂಧವೂ ಇಲ್ಲವೆಂದು ಪತ್ರದಲ್ಲೇ ಸ್ಪಷ್ಟಪಡಿಸಿದ್ದರು. ಹಾಗಂತ ಅವರನ್ನು ಯಾರೂ ಕೇಳಿರಲಿಲ್ಲ.

ಕಡ್ಡಿಗೆ ಕಾರು ನಿಜವಾಗಿಯೂ ಬೇಕಾಗಿತ್ತು. ಹೆಂಡತಿಗೆ ದಿನ ತುಂಬುತ್ತಿತ್ತು. ಹೆರಿಗೆ ಆಸ್ಪತ್ರೆ ಇದ್ದದ್ದು ಊರ ನಡುವಿನ ಗುಡ್ಡದ ನೆತ್ತಿಯಲ್ಲಿ, ಮನೆ ಇದ್ದದ್ದು ಬುಡದಲ್ಲಿ. ಹೋದ ಸಲ ಬಾಡಿಗೆ ಗಾಡಿಗೆ ಕಾದೂ ಕಾದೂ ಮಗು ಕೈತಪ್ಪಿತ್ತು. ಈ ಸಲ ಹಾಗಾಗಬಾರದೆಂದು ಅವನು ಇರುವೆಯನ್ನು ಬಾಗಿಲ ಮುಂದೆ ತಂದು ನಿಲ್ಲಿಸಿದಾಗ ಹೆಂಡತಿ ಅದರ ಬೆನ್ನು ಸವರಿ ಕಣ್ಣೊರೆಸಿಕೊಂಡಳು.

ಇರುವೆ ಕೆಟ್ಟ ಕಾರೇನಲ್ಲ. ಯಾವ ಗಲ್ಲಿಯಲ್ಲೂ ನುಸುಳುತ್ತಿತ್ತು, ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಸಮನೆಲದಲ್ಲಿ, ಒಬ್ಬನೇ, ಬೆವರಲು ತಯಾರಿದ್ದರೆ ಲೀಟರಿಗೆ ಇಪ್ಪತ್ತೈದಾದರೂ ಕೊಡುತ್ತಿತ್ತು. ಆದರೆ ಮೂರು ಸಿಲಿಂಡರಿನ ಇಂಜಿನು. ಸಿಗ್ನಲಿನಲ್ಲಿ ನಿಂತರೆ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಡಿಕ್ಕಿಯಲ್ಲಿ ಒಂದು ಚೀಲ ಇಟ್ಟರೆ ಕೊಡೆಗೆ ಜಾಗವಿಲ್ಲ.

ಮೊದಲ ಸವಾರಿಗೆ ಹೆಂಡತಿ ಪಕ್ಕದಲ್ಲಿ ಕೂತಳು, ಅತ್ತೆ ಹಿಂದೆ ಕೂತರು. ಮೊದಲ ತಿರುವಿನಲ್ಲೇ ಕಾರು ನೇರವಾಗಿ ಔಷಧಿ ಅಂಗಡಿಯತ್ತ ಹೊರಟಿತು.

“ರೀ, ತಿರುಗಿಸಿ!”

“ಏನನ್ನ?”

“ಸ್ಟೀರಿಂಗ್ ರೀ!”

ಉರುಳೆಗಳ ಮೇಲೆ ತಿರುವು ಇರುವುದಿಲ್ಲ.

ಗುಡ್ಡದ ಏರಿನಲ್ಲಿ ಎಸಿ ಹಾಕಿದರೆ ಕಾರು ನಿಲ್ಲುತ್ತಿತ್ತು. ಕಾರು ಹೋಗಬೇಕಾದರೆ ಎಸಿ ನಿಲ್ಲಬೇಕಿತ್ತು. ಎಸಿ ನಿಂತಿತು. ಅತ್ತೆ ಸೆರಗಿನಲ್ಲಿ ಗಾಳಿ ಹಾಕಿಕೊಂಡರು.

“ಅಳಿಯಂದಿರೇ, ಆ ಹಣ್ಣಿನವನು ಗಾಡಿ ತಳ್ಕೊಂಡು ನಮ್ಮನ್ನ ದಾಟಿ ಹೋದ. ನೋಡಿದ್ರಾ?”

“ಅವನ ಗಾಡಿಗೆ ಮೈಲೇಜ್ ಎಲ್ಲಿದೆ ಅತ್ತೆ?”

“ಇಲ್ಲಪ್ಪಾ, ಪಾಪ. ಅವನ ಗಾಡೀಲಿ ಬರೀ ಹಣ್ಣಿದೆ.”

ಅಂತೂ ಆಸ್ಪತ್ರೆ ಮುಟ್ಟಿದರು. ಲೆಕ್ಕ ಹಾಕಿ ನೋಡಿದರೆ ಕಾರು ಕೊಟ್ಟದ್ದು ಹದಿನೈದು. ಕಡ್ಡಿ ಯಾರ ಮೇಲೆ ದೂರು ಕೊಡಬೇಕೆಂದು ಯೋಚಿಸಿದ. ತನ್ನದೇ ಸಹಿ ನೆನಪಾಗಿ ಸುಮ್ಮನಾದ.

ಊರಿನವರು ಸುಮ್ಮನಾಗಲಿಲ್ಲ. ದೂರುಗಳು ಗೋಣಿಗಟ್ಟಲೆ ಬಂದವು. ಮಂಡಳಿ ತುರ್ತು ಸಭೆ ಕರೆಯಿತು. ಬಾಗಿಲ ಬಳಿ ನಿಂತಿದ್ದ ಕಡ್ಡಿಗೆ ಎಲ್ಲವೂ ಕೇಳಿಸುತ್ತಿತ್ತು.

“ಕೋಣೇದು ಒಂದು ಸಂಖ್ಯೆ, ರಸ್ತೇದು ಒಂದು ಸಂಖ್ಯೆ, ಎರಡನ್ನೂ ಬರೆದುಬಿಡೋಣ ಸಾರ್,” ಎಂದರು ಹೊಸದಾಗಿ ಬಂದ ಎಂಜಿನಿಯರು.

“ಸತ್ಯ ಎರಡಿರುತ್ತೇನ್ರೀ?” ಎಂದರು ಅಧ್ಯಕ್ಷರು.

ಎಂಜಿನಿಯರನ್ನು ಅಂದೇ ಕಚೇರಿಯ ಹೂಕುಂಡಗಳ ಉಸ್ತುವಾರಿಗೆ ಹಾಕಲಾಯಿತು. ಆಮೇಲೆ ಚರ್ಚೆ ಸರಾಗವಾಗಿ ಸಾಗಿತು. ಕೋಣೆ ತಪ್ಪಿರಲು ಸಾಧ್ಯವಿಲ್ಲ, ಅದನ್ನು ಟೆಂಡರ್ ಕರೆದೇ ಕಟ್ಟಿಸಿದ್ದು. ಕಾರು ತಪ್ಪಿರಲು ಸಾಧ್ಯವಿಲ್ಲ, ಸಭೆಯ ತಿಂಡಿಗೂ ಕಂಪನಿಯವರೇ ವ್ಯವಸ್ಥೆ ಮಾಡಿದ್ದರು. ಹಾಗಾದರೆ ಉಳಿದದ್ದು ರಸ್ತೆ ಮತ್ತು ಜನ. ರಸ್ತೆಗೆ ನೋಟೀಸು ಕೊಡಲು ಕಾನೂನಿನಲ್ಲಿ ಅವಕಾಶವಿರಲಿಲ್ಲ.

ಮರುದಿನ ಈ ಪ್ರಕಟಣೆ ಹೊರಬಿತ್ತು:

“ಇರುವೆ ಕಾರಿನ ಮಾಲೀಕರು ಸದರಿ ಕಾರನ್ನು ದೃಢೀಕರಿಸಿದ ಕ್ರಮದಲ್ಲಿ ಬಳಸದೆ, ಅದರಲ್ಲಿ ಹೆಂಡತಿ, ಮಕ್ಕಳು, ಅತ್ತೆ, ಮಾವ, ದಿಂಬು, ನೀರಿನ ಬಾಟಲಿ ಮುಂತಾದ ಅನಧಿಕೃತ ಭಾರಗಳನ್ನು ಹೇರಿಕೊಂಡು ಏರುದಾರಿಯಲ್ಲಿ ಚಲಾಯಿಸುತ್ತಿರುವುದು ಮಂಡಳಿಯ ಗಮನಕ್ಕೆ ಬಂದಿದೆ. ಇದರಿಂದ ಪ್ರಮಾಣಪತ್ರದ ಘನತೆಗೆ ಧಕ್ಕೆಯಾಗಿರುತ್ತದೆ. ಆದುದರಿಂದ ಏರು ಆರಂಭವಾಗುವಲ್ಲಿ ಚಾಲಕನ ಹೊರತು ಉಳಿದವರೆಲ್ಲರೂ ಇಳಿದು, ಕಾರಿನ ಹಿಂದೆ ನಡೆದು ಬರತಕ್ಕದ್ದು. ಹಾಗೆ ನಡೆದ ದೂರವನ್ನು ಕಾರು ಓಡಿದ ದೂರಕ್ಕೆ ಸೇರಿಸಲಾಗುವುದು. ಇಳಿಜಾರಿನಲ್ಲಿ ಭಾರವು ಇಂಧನಕ್ಕೆ ಸಹಕಾರಿಯಾದ್ದರಿಂದ ಯಾವುದೇ ಆಸನವನ್ನು ಖಾಲಿ ಬಿಡತಕ್ಕದ್ದಲ್ಲ. ಪ್ರತಿ ಕಾರಿಗೂ ಲೀಟರಿಗೆ ಓಡಿದ ದೂರ ತೋರಿಸುವ, ಮೊಹರು ಮಾಡಿದ ಮೀಟರು ಅಳವಡಿಸಲಾಗುವುದು.”

ಅಧ್ಯಕ್ಷರು ಓಡಾಡುತ್ತಿದ್ದದ್ದು ಲಾರಿಯ ಅಣ್ಣನಂತಿದ್ದ ದೊಡ್ಡ ಕಾರಿನಲ್ಲಿ. ಅದಕ್ಕೆ ವಿನಾಯಿತಿ ಇತ್ತು. ಸಣ್ಣ ಕಾರುಗಳ ಮೇಲೆ ನಿಗಾ ಇಡಬೇಕಾದರೆ ಎತ್ತರದಲ್ಲಿ ಕೂರಲೇಬೇಕು.

ಗುಡ್ಡದ ಬುಡದಲ್ಲಿ ಗೇಟು ಬಂತು. ಗೇಟಿನ ಪಕ್ಕದಲ್ಲಿ ಅಧ್ಯಕ್ಷರ ಬಾಮೈದನ ಚಪ್ಪಲಿ ಅಂಗಡಿ ಬಂತು. ಅದು ಗೇಟಿಗಿಂತ ಒಂದು ವಾರ ಮೊದಲೇ ಬಂದದ್ದು ಅವನ ದೂರದೃಷ್ಟಿಗೆ ಸಾಕ್ಷಿ. ಗುಡ್ಡದ ನೆತ್ತಿಯಲ್ಲಿ ದಢೂತಿ ಆಳುಗಳು ಬೆಂಚಿನ ಮೇಲೆ ಸಾಲಾಗಿ ಕೂತು, ಇಳಿಯುವ ಕಾರುಗಳ ಖಾಲಿ ಆಸನ ತುಂಬಲು ಕಾಯತೊಡಗಿದರು. ಅವರಿಗೆ ‘ಭಾರದವರು’ ಎಂದು ಹೆಸರಾಯಿತು. ಹುಟ್ಟಿದಾಗಿನಿಂದ ತೂಕಕ್ಕೆ ಬೈಸಿಕೊಂಡವರಿಗೆ ಈಗ ಮುಂಗಡ ಕೊಟ್ಟು ಕರೆಯುತ್ತಿದ್ದರು. ಹೆಣ್ಣು ನೋಡಲು ಹೋದವರು ಓದು, ಬಣ್ಣ ಬಿಟ್ಟು, “ಹುಡುಗಿ ನಡೀತಾಳಾ?” ಎಂದು ಕೇಳತೊಡಗಿದರು. ಸಂಜೆಯಾದರೆ ಏರಿನುದ್ದಕ್ಕೂ ಇರುವೆಗಳ ಸಾಲು, ಒಂದೊಂದರ ಹಿಂದೆಯೂ ಒಂದೊಂದು ಸಂಸಾರ. ಡ್ರೈವರ್ ಗಂಡಂದಿರು ಕಿಟಕಿಯಿಂದ ತಲೆ ಹೊರಹಾಕಿ ಹಿಂದಿರುವ ಹೆಂಡಿರ ಜತೆ ಜಗಳ ಮುಂದುವರಿಸುತ್ತಿದ್ದರು.

ಒಂದು ದಿನ ಅಧ್ಯಕ್ಷರು ಕಡ್ಡಿಯನ್ನು ಒಳಗೆ ಕರೆದರು.

“ಏನಯ್ಯಾ, ನಿನ್ನ ಕಾರಿನ ಮೀಟರು ಎಷ್ಟು ತೋರಿಸ್ತಿದೆ?”

“ಹತ್ತೊಂಬತ್ತು ಸಾರ್.”

“ಮೂವತ್ತೊಂದು ಅಂತ ಸಹಿ ಹಾಕಿದೋನು ನೀನು. ನಿನ್ನ ಕಾರೇ ಹತ್ತೊಂಬತ್ತು ಅಂದ್ರೆ, ಒಂದೋ ಕಾರು ಸುಳ್ಳು ಹೇಳ್ತಿರಬೇಕು, ಇಲ್ಲಾ ನೀನು. ಕಾರು ಪ್ರಮಾಣೀಕೃತ. ನೀನು?”

ಕಡ್ಡಿ ತನ್ನ ಕಾಲುಚೀಲ ನೋಡಿಕೊಂಡ.

“ತಿಂಗಳ ಕೊನೇಲಿ ಮೀಟರು ಮೂವತ್ತೊಂದು ತೋರಿಸ್ಬೇಕು. ಇಲ್ದಿದ್ರೆ ನಿನ್ನ ಜಾಗಕ್ಕೆ ನಿನಗಿಂತ ಸಣಕಲು ಒಬ್ಬನನ್ನ ನೋಡಿಟ್ಟಿದೀನಿ. ಫೋಟೋದಲ್ಲೂ ಸರಿಯಾಗಿ ಕಾಣಲ್ಲ ಅವನು.”

ಆವತ್ತಿನಿಂದ ಕಡ್ಡಿ ರಾತ್ರಿಯೂಟ ಬಿಟ್ಟ. ಹಿಂದಿನ ಸೀಟು ಕಿತ್ತು ಮಂಚದ ಕೆಳಗೆ ತಳ್ಳಿದ. ಅತ್ತೆ ಕಾರಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂರುವುದು ರೂಢಿಯಾಯಿತು. ಇಳಿಜಾರಿಗಾಗಿ ಊರೆಲ್ಲ ಸುತ್ತಿ ಬಳಸಿ ಹೋದ. ಮುಳ್ಳು ಒಂದೊಂದೇ ಗೆರೆ ಮೇಲೆದ್ದು, ತಿಂಗಳ ಕೊನೆಯ ದಿನ ಮೂವತ್ತರ ಹತ್ತಿರ ಬಂದು ಕೂತಿತು.

ಅದೇ ದಿನ ಮಟಮಟ ಮಧ್ಯಾಹ್ನ ಹೆಂಡತಿಗೆ ನೋವು ಶುರುವಾಯಿತು.

ಗೇಟಿನವನು ಎಂದಿನಂತೆ ಕೋಲು ಅಡ್ಡ ಇಟ್ಟು, “ಎಲ್ಲಾ ಇಳೀರಿ,” ಎನ್ನುತ್ತ ಬಂದವನು ಒಳಗೆ ಇಣುಕಿ ಬೆಚ್ಚಿದ.

“ಅಯ್ಯೋ, ಕೂತ್ಕೊಳ್ಳಿ ತಾಯೀ! ಹೋಗಿ ಸಾರ್, ಹೋಗಿ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ, ನಾನೇನೂ ನೋಡಿಲ್ಲ.”

ಕಡ್ಡಿ ಮೀಟರು ನೋಡಿದ. ಇಂಜಿನ್ ಆಫ್ ಮಾಡಿದ. ನಿಂತು ಮಾತಾಡುವಾಗ ಪೆಟ್ರೋಲು ಸುಮ್ಮನೆ ಹೋಗುತ್ತದೆ.

“ಇಳಿಯೇ,” ಅಂದ.

“ರೀ, ಅವನೇ ಬಿಡ್ತೀನಿ ಅಂತಿದಾನಲ್ಲ!”

“ಅವನು ಬಿಡ್ತಾನೆ ಕಣೇ. ಮೀಟರು ಬಿಡಲ್ಲ.”

ಹೆಂಡತಿ ಅವನನ್ನೇ ನೋಡಿದಳು. “ಹೋದ ಸಲ ಗಾಡಿ ಇಲ್ಲ ಅಂತ ಕಳ್ಕೊಂಡ್ವಿ. ಈ ಸಲ ಗಾಡಿ ಇದೆ ಅಂತ ಕಳ್ಕೊಳ್ಳೋಣ್ವಾ?”

“ನಾನು ಹೇಳ್ತಿರೋದೂ ಮಗೂಗೋಸ್ಕರಾನೇ. ನಾಳೆ ಕೆಲಸ ಹೋದ್ರೆ ಅದಕ್ಕೆ ಹಾಲು ಯಾರು ಕೊಡ್ತಾರೆ?”

ಚಾಪೆಯ ಮೇಲಿಂದ ಅತ್ತೆ ಅಬ್ಬರಿಸಿದರು. “ಹಾಲು ಅವಳು ಕೊಡ್ತಾಳೆ! ನೀವು ಒಂದು ಹನಿ ಪೆಟ್ರೋಲ್ ಕೊಡಿ ಸಾಕು!”

ಗೇಟಿನವನು ಮುಖ ಆ ಕಡೆಯೇ ಇಟ್ಟುಕೊಂಡಿದ್ದ. ಮಾತು ಕೊಟ್ಟಿದ್ದನಲ್ಲ.

ಹೆಂಡತಿ ಇಳಿದಳು. ಇಳಿದವಳು ಬಾಗಿಲನ್ನು ಜೋರಾಗಿ ಬಡಿಯಲೂ ಇಲ್ಲ; ಇರುವೆಯ ಬಾಗಿಲು ಅದನ್ನು ತಡೆಯುವುದಿಲ್ಲ. ಅತ್ತೆ ಅಳಿಯನಿಗೆ ಹಿಡಿಶಾಪ ಹಾಕುತ್ತ ಮಗಳ ರಟ್ಟೆ ಹಿಡಿದರು. ಕಾರು ಮೊದಲ ಗೇರಿನಲ್ಲಿ ನರಳುತ್ತ ಹೊರಟಿತು. ಹಿಂದೆ ಅವಳೂ ನರಳುತ್ತ ಹೊರಟಳು. ನೋವು ಬಂದಾಗಲೆಲ್ಲ ಎರಡೂ ಕೈಯನ್ನು ಡಿಕ್ಕಿಯ ಮೇಲೆ ಊರಿ, ಹಲ್ಲು ಕಚ್ಚಿ ಮುಂದಕ್ಕೆ ಬಗ್ಗುತ್ತಿದ್ದಳು. ಆಗ ಕಾರು ಹಗುರಾಗಿ ಮುಂದೆ ಹೋಗುತ್ತಿತ್ತು.

ಕಡ್ಡಿ ಮೀಟರು ನೋಡಿದ. ಮುಳ್ಳು ಏರುತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

“ಹಾಗೇ ಇರು ಕಣೇ! ಇನ್ನೊಂದು ಸ್ವಲ್ಪ!”

“ಮುಂದೆ ನೋಡ್ರೀ,” ಎಂದಳು ಅವಳು, ಉಸಿರಿನ ನಡುವೆ. “ತಿರುವು ಬಂತು. ತಿರುಗಿಸಿ.”

ಕೊನೆಯ ತಿರುವಿನಲ್ಲಿ ಅವಳ ಕಾಲು ಸೋತಿತು. ಬೆಂಚಿನ ಮೇಲಿದ್ದ ಇಬ್ಬರು ಭಾರದವರು ಓಡಿ ಬಂದು, ಬೆಂಚನ್ನೇ ತಂದು ಅವಳನ್ನು ಮಲಗಿಸಿ ಹೊತ್ತೊಯ್ದರು. ಅದಕ್ಕೆ ಲೀಟರಿಗೆ ಎಷ್ಟೆಂದು ಯಾರೂ ಲೆಕ್ಕ ಹಾಕಲಿಲ್ಲ. ಆಸ್ಪತ್ರೆಯ ಒಳಗೆ ಹೋಗುವಷ್ಟು ಪುರುಸೊತ್ತಿಲ್ಲದೆ, ಮೊಗಸಾಲೆಯಲ್ಲೇ ಹೆಣ್ಣುಮಗು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಕಡ್ಡಿ ಕಾರು ನಿಲ್ಲಿಸಿ, ಬೂಟು ಹಾಕಿಕೊಂಡು, ಮೀಟರು ಮೂವತ್ತೊಂದು ದಾಟಿದ್ದನ್ನು ಖಚಿತಪಡಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಮೂವತ್ತೊಂದೂವರೆ!” ಎಂದ ಅವನು, ಕಣ್ಣಲ್ಲಿ ನೀರು ತುಂಬಿಕೊಂಡು.

“ಮೂರು ಕೆಜಿ,” ಎಂದಳು ದಾದಿ, ಮಗುವನ್ನು ಅವನ ಕೈಗಿಡುತ್ತ.

ಮಂಡಳಿಯು ಈ ಘಟನೆಯನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿತು. ಅಧ್ಯಕ್ಷರು ಸಭೆಯಲ್ಲಿ ಗದ್ಗದಿತರಾದರು. “ಒಬ್ಬ ತುಂಬುಗರ್ಭಿಣಿ ನಮ್ಮ ಪ್ರಮಾಣಪತ್ರವನ್ನ ಕೈಯಾರೆ ಎತ್ತಿ ಹಿಡಿದಿದಾಳೆ. ಗಟ್ಟಿಮುಟ್ಟಾಗಿರೋ ನಮಗೇನಾಗಿದೆ?” ಎಂದರು. ಅವರ ಕಾರು ಹೊರಗೆ ಇಂಜಿನ್ ಚಾಲೂ ಇಟ್ಟುಕೊಂಡು ಕಾಯುತ್ತಿತ್ತು, ಒಳಗೆ ತಂಪಾಗಿರಲೆಂದು. ತಿದ್ದುಪಡಿ ಪ್ರಕಟಣೆ ಬಂತು: ಏರಿನಲ್ಲಿ ಹಿಂದೆ ನಡೆಯುವವರು ಇನ್ನು ಮುಂದೆ ಕೈಬೀಸಿಕೊಂಡು ಬಾರದೆ, ಕಾರಿಗೆ ಕೈಹಚ್ಚಿ ತಳ್ಳತಕ್ಕದ್ದು. ಇರುವೆಯನ್ನು ಮರುಪರೀಕ್ಷೆ ಮಾಡಿ ಲೀಟರಿಗೆ ಮೂವತ್ತಾರೆಂದು ದೃಢೀಕರಿಸಲಾಯಿತು. ಅದಕ್ಕೂ ಸಹಿ ಕಡ್ಡಿಯದೇ. ಬಾಮೈದ ಚಪ್ಪಲಿಯ ಜತೆಗೆ ಕೈಗವಸು ಮಾರತೊಡಗಿದ. ಹೂಕುಂಡಗಳ ಎಂಜಿನಿಯರೂ ಒಂದು ಇರುವೆ ಕೊಂಡರು, ರಿಯಾಯಿತಿ ಚೆನ್ನಾಗಿತ್ತು.

ಕಡ್ಡಿಯ ಕೆಲಸ ಉಳಿಯಿತು. ಹೆಂಡತಿ ಒಂದಷ್ಟು ದಿನ ಅವನ ಜತೆ ಮಾತು ಬಿಟ್ಟಿದ್ದಳು. ಆಮೇಲೆ ಬೀದಿಯವರೆಲ್ಲ ಅವಳನ್ನು ನೋಡಿ, “ನೀವು ಆವತ್ತು ಡಿಕ್ಕಿಯ ಎಡಗಡೆ ತಳ್ಳಿದ್ರೋ, ಬಲಗಡೆನೋ?” ಎಂದು ಮರ್ಯಾದೆಯಿಂದ ವಿಚಾರಿಸತೊಡಗಿದಾಗ, “ನಡುವೆ,” ಎಂದು ಹೇಳುವುದನ್ನು ಕಲಿತಳು.

ಮಗುವಿಗೆ ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಲಸಿಕೆ ಹಾಕಿಸಲು ಒಂದು ಬೆಳಿಗ್ಗೆ ಎಲ್ಲರೂ ಕಾರಿನಲ್ಲಿ ಹೊರಟರು. ಗುಡ್ಡದ ಬುಡ ಬಂತು. ಗೇಟಿನವನು ಕೋಲು ಅಡ್ಡ ಇಟ್ಟು ಬಾಯಿ ತೆರೆಯುವ ಮೊದಲೇ ಚಾಪೆಯ ಮೇಲೆ ಅಜ್ಜಿಯ ತೊಡೆಯಲ್ಲಿದ್ದ ಮಗು ಬಾಗಿಲತ್ತ ಬೆರಳು ತೋರಿಸಿ, ಸ್ಪಷ್ಟವಾಗಿ ಹೇಳಿತು:

“ಇಳಿ.”

ಅಮ್ಮ ಎಂದಿರಲಿಲ್ಲ, ಅಪ್ಪ ಎಂದಿರಲಿಲ್ಲ. ಗೇಟಿನವನು ಕೋಲು ಬಿಟ್ಟು ಚಪ್ಪಾಳೆ ತಟ್ಟಿದ. ಅತ್ತೆ ಮಗುವನ್ನು ಮುದ್ದಿಸಿ, “ನೋಡಿದ್ರಾ ಅಳಿಯಂದಿರೇ, ಎಷ್ಟು ಚುರುಕು!” ಎಂದು ಹಿಗ್ಗಿದರು. ಕಡ್ಡಿ ಹಿಂದಕ್ಕೆ ಕೈಚಾಚಿ, ಆಕ್ಸಿಲರೇಟರ್ ಒತ್ತುವ ಹಾಗೆ ಮೆಲ್ಲಗೆ ಅದರ ಕೆನ್ನೆ ಮುಟ್ಟಿದ.

ಆಮೇಲೆ ಎಲ್ಲರೂ ಇಳಿದು ಕೈಗವಸು ಹಾಕಿಕೊಂಡರು. ಮಗುವಿನ ಅಳತೆಯದೂ ಅಂಗಡಿಯಲ್ಲಿ ಸಿಕ್ಕಿತು.