ಖಂಡೇನವಮಿಗೆ ತೊಳೆದ ಗ್ಯಾಸ್ ಪೈಪ್ ಕಟರ್

ಹತಾರ ತೊಳೆಯುವುದರಲ್ಲಿ ಇಡೀ ಪುಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ.

ನಮ್ಮ ಮನೆಯವರು ಲೇಥ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದಾಗ ಪ್ರತಿ ಖಂಡೇನವಮಿಗೆ ತಮ್ಮ ಪಾನಾ, ಪಕ್ಕಡದಂಥ ಹತಾರಗಳನ್ನೆಲ್ಲ ಆಯುಧಪೂಜೆಗೆ ಮನೆಗೆ ತರುತ್ತಿದ್ದರು. ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮಣೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಏರಿಸುತ್ತಿದ್ದೆ. ಚೆಂಡು ಹೂವಿನ ಜೊತೆ ಮಶೀನಿನ ಎಣ್ಣೆಯ ವಾಸನೆ ಬೆರೆತರೇ ನನಗೆ ಹಬ್ಬ. ಅವರು ತೀರಿಹೋದ ಮೇಲೆ ಮಣೆಯ ಮೇಲೆ ಈಳಿಗೆಯೊಂದೇ ಕೂತಿರುತ್ತಿತ್ತು, ಬೀಗರು ಬಾರದ ಮದುವೆಯ ಮದುಮಗನ ಹಾಗೆ.

ಹೋದ ವರ್ಷ ಮಗಳು ಸುಧಾ ಒಂದು ಹತಾರ ತಂದಳು! ಅವಳು ರಾಂಜಣಗಾಂವದ ಕಾರ್ಖಾನೆಯಲ್ಲಿ ಎಂಜಿನಿಯರು. ಹಳೆಯ ಕಬ್ಬಿಣದ ಪೈಪಿನೊಳಗೇ ಈಗ ಪ್ಲಾಸ್ಟಿಕ್ಕಿನ ಗ್ಯಾಸ್ ಪೈಪು ತೂರಿಸಿರುತ್ತಾರಂತೆ. ರಿಪೇರಿಗೆ ಹೊರಗಿನ ಕಬ್ಬಿಣ ಕತ್ತರಿಸಬೇಕು, ಒಳಗಿನದಕ್ಕೆ ಗೀರೂ ಬೀಳಬಾರದು. ಅದಕ್ಕೆಂದೇ ಅವಳು ವರ್ಷಗಟ್ಟಲೆ ಒದ್ದಾಡಿ ಮಾಡಿದ ಕಟರ್ ಅದು. ದಸರಾ ಮುಗಿದ ಮರುದಿನ ಗ್ಯಾಸ್ ಕಂಪನಿಯ ಸಾಹೇಬರ ಮುಂದೆ ಪರೀಕ್ಷೆ. ಅವರು ಒಪ್ಪದಿದ್ದರೆ ಕೆಲಸವೇ ಬಂದ್.

"ಅವ್ವಾ, ಪೂಜಾಕ್ಕ ಇಡು. ಬಿಚ್ಚಾಕ ಹೋಗಬ್ಯಾಡ" ಎಂದು ಹೇಳಿ ಸ್ನಾನಕ್ಕೆ ಹೋದಳು.

ಬಿಚ್ಚದೆ ಸಂದಿಯ ಜಿಡ್ಡು ಹೋಗುತ್ತದೆಯೇ? ಬಿಚ್ಚಿದೆ. ತಿಕ್ಕಿದೆ. ತಿರುಗಿ ಜೋಡಿಸಿದೆ. ಒಂದು ಹಿತ್ತಾಳೆ ಬಳೆ ಮಾತ್ರ ಉಳಿಯಿತು. ನಮ್ಮ ಮನೆಯವರು ಮಿಕ್ಸರ್ ರಿಪೇರಿ ಮಾಡಿದಾಗಲೂ ಏನಾದರೊಂದು ಉಳಿಯುತ್ತಲೇ ಇತ್ತು. ಬಳೆ ಚೆಂದವಿತ್ತು, ಅಲುಗಾಡುವ ದೀಪದ ಬುಡಕ್ಕೆ ಇಟ್ಟೆ.

ಪರೀಕ್ಷೆಯ ದಿನ ಮಧ್ಯಾಹ್ನ ಸುಧಾಳ ಫೋನು.

"ಅವ್ವಾ, ಹಿತ್ತಾಳಿ ಬಳಿ ಎಲ್ಲದ?"

"ದೀಪದ ಬುಡಕ್ಕದ. ಯಾಕ?"

"ಬ್ಲೇಡು ಭಾಳ ಒಳಗ ಇಳೀದಂಗ ತಡಿಯೂದ ಅದು. ಒಳಗಿನ ಪೈಪೂ ಕಟ್ ಆತು."

"ಗ್ಯಾಸು?"

"ಬರೇ ಗಾಳಿ ತುಂಬಿದ್ವಿ. ಸಾಹೇಬ್ರ ಮುಂದ ಬುಸ್ ಅಂತು."

ನಾನು ಅತ್ತುಬಿಟ್ಟೆ. ಆದರೆ ಸಾಹೇಬರು ಬೈಯಲಿಲ್ಲವಂತೆ. ಬಳೆ ಇಲ್ಲದೆ ಇದು ತಿರುಗಿದ್ದೇ ತಪ್ಪು, ನಾಳೆ ರಸ್ತೆಯಲ್ಲೂ ಯಾರಾದರೂ ಬಿಚ್ಚಿಯೇ ಬಿಚ್ಚುತ್ತಾರೆ, ಸರಿಮಾಡಿ ತನ್ನಿ ಎಂದರಂತೆ. ಸುಧಾ ಸರಿಮಾಡಿದಳು. ಬಳೆ ಇಲ್ಲದಿದ್ದರೆ ಈಗ ಬ್ಲೇಡು ಮಿಸುಕುವುದೇ ಇಲ್ಲ. ಸಾಹೇಬರು ಒಪ್ಪಿದರು!

ಅಂದಿನಿಂದ ಪ್ರತಿ ಹೊಸ ಹತಾರ ಮೊದಲು ನಮ್ಮ ಮನೆಗೇ ಬರುತ್ತದೆ. ಎಣ್ಣೆಯ ವಾಸನೆಯೂ ತಿರುಗಿ ಬಂದಿದೆ. ಕನ್ನಡಕ ಏರಿಸಿ ಬಿಚ್ಚುತ್ತೇನೆ, ತಿಳಿದಂತೆ ಜೋಡಿಸುತ್ತೇನೆ. ಕಾರ್ಖಾನೆಯ ತಪಾಸಣೆ ಈಗ ನನ್ನದೇ ಎಂದು ಪಕ್ಕದ ಮನೆಯ ಮರಾಠಿ ಹೆಂಗಸಿಗೆ, ನಮ್ಮೆಲ್ಲರ ಕಾಕುಗೆ, ಗತ್ತಿನಿಂದ ಹೇಳಿದೆ. ಎಂಥ ತಪಾಸಣೆ ಎಂದು ಅವರು ಸುಧಾಳನ್ನು ಕೇಳಿದರು. ಯಾರ ಕೈಗೆ ಸಿಕ್ಕರೂ ಅನಾಹುತ ಆಗಬಾರದಲ್ಲ, ಅದಕ್ಕೇ ಅವ್ವನ ಕೈಗೆ ಕೊಡುತ್ತೇವೆ ಎಂದಳು.

ಕಾಕು ತಲೆದೂಗಿದರು. ಈ ಕೆಲಸಕ್ಕೆ ಇಡೀ ಬಿಲ್ಡಿಂಗಿನಲ್ಲಿ ನನ್ನಂಥವರು ಇನ್ನೊಬ್ಬರು ಸಿಗಲಾರರಂತೆ!